ನೆಲಗುಳ್ಳದ ಮುಳ್ಳು

ನಮ್ಮ ಕಡೆ ಹೀಗೆ:
ದೀಪಾವಳಿ ಕಳೆದ ಎರಡನೆಯ ಬೆಳಗ್ಗೆ,
ಎಣ್ಣೆ ತೀರಿದ ಹಣತೆಗಳು ಕಟ್ಟೆಯ ಮೇಲೆ
ಇನ್ನೂ ಕಪ್ಪು ಬಾಯಿ ತೆರೆದಿರುವಾಗ
ಓಣಿಯ ಹೆಂಗಸರೆಲ್ಲ ಒನಕೆ ಹಿಡಿದು ಸೇರುತ್ತೇವೆ.
ಅಂಗಳದಲ್ಲಿ ಸಗಣಿಯ ಯಮ, ಪಕ್ಕದಲ್ಲಿ ಅವನ ತಂಗಿ,
ಸುತ್ತ ಸಗಣಿಯದೇ ಹಾವು, ಚೇಳು.
ಕುಟ್ಟುವ ಮೊದಲು ಬಯ್ಯಬೇಕು.
ಯಮನನ್ನಲ್ಲ,
ಒಡಹುಟ್ಟಿದವರನ್ನು.

ಹೆಸರು ಹಿಡಿದೇ ಬಯ್ಯಬೇಕು:
ನಿನ್ನ ಚಟ್ಟ ಕಟ್ಟಲಿ, ನಿನ್ನನ್ನು ಹೊಳೆ ನುಂಗಲಿ.
ಆಮೇಲೆ ನೆಲಗುಳ್ಳದ ಮುಳ್ಳು ಕಿತ್ತು
ಬಯ್ದ ನಾಲಿಗೆಗೇ ಚುಚ್ಚಿಕೊಳ್ಳಬೇಕು.
ಆಗ ಸತ್ತವನು ಎದ್ದು ಕೂರುತ್ತಾನೆ,
ನಾವು ನಗುತ್ತಾ ಕುಟ್ಟುತ್ತೇವೆ.

ಹೋದ ವರ್ಷ ಹಬ್ಬದ ಹಿಂದಿನ ಸಂಜೆ
ಮುನೇಸರ ಬಂದ.
ಒಂದು ಕೈಯಲ್ಲಿ ಖಾಜಾ ಪೊಟ್ಟಣ, ಇನ್ನೊಂದರಲ್ಲಿ ಛಾಪಾ ಕಾಗದ.
ಘಾಘರಾ ನಡುವಿನ ಕುದುರು, ಅಪ್ಪನ ನಾಲ್ಕು ಬಿಘಾ,
ಪರವಲ ಬಳ್ಳಿ ಹಬ್ಬುವ ಮರಳುನೆಲ.
'ಬರೀ ಹೆಸರಿಗೆ ಅಕ್ಕಾ' ಎಂದ.
ಕೊಡಲಾರೆ ಎಂದವಳಲ್ಲ ನಾನು.
ಆದರೆ ಅವನು ಜೇಬಿನಿಂದ ಮಸಿಡಬ್ಬಿ ತೆಗೆದ,
ನನ್ನ ಹೆಬ್ಬೆಟ್ಟಿಗೆ.
ಆ ಕೈ ಹಿಡಿದು ಕ ಖ ತಿದ್ದಿಸಿದವಳು ನಾನು,
ಬೂದಿ ಹರವಿದ ಹಲಗೆಯ ಮೇಲೆ.

ಏನೂ ಹೇಳದೆ ಒತ್ತಿದೆ.

ಮರುದಿನ ನನ್ನ ಸರದಿ ಬಂದಾಗ
ಎಲುಬಿಲ್ಲದ ನಾಲಿಗೆಗೆ ಎಲುಬು ಬಂದಿತ್ತು.
ಸುರಸತಿ ಕಾಕಿ ಎತ್ತಿದ ಒನಕೆಯನ್ನು ಎತ್ತಿಯೇ ಹಿಡಿದು
ನನ್ನ ಮುಖ ನೋಡಿದಳು.
ಮುಳ್ಳು ಚುಚ್ಚಿಕೊಂಡೆ.
ಚುಚ್ಚಿಕೊಂಡ ಹಾಗೆ ಮಾಡಿದೆ.

ಶ್ರಾವಣದಲ್ಲಿ ಘಾಘರಾ ಏರಿ
ನಾಲ್ಕು ಬಿಘಾವನ್ನೂ ತಿಂದು ಹೋಯಿತು,
ಕಾಗದದಲ್ಲಿ ಯಾರ ಹೆಸರಿದೆ ಎಂದು ಕೇಳಲಿಲ್ಲ.
ಮುನೇಸರ ಸೂರತ್ತಿನ ಬಣ್ಣದ ಗಿರಣಿ ಸೇರಿದ.
ಫೋನಿನಲ್ಲಿ ಅವನಿಗಿಂತ ಮೊದಲು ಅವನ ಕೆಮ್ಮು ಮಾತಾಡುತ್ತಿತ್ತು.

ಈ ವರ್ಷ ನಾನು ಬಯ್ಯಲಿಲ್ಲ.
ಹೆಂಗಸರು ಕಾದರು, ಕೆಣಕಿದರು,
ಸೆರಗು ಹಲ್ಲಿಗೆ ಕಚ್ಚಿ ನಿಂತೆ.
ಒಮ್ಮೆ ಹೊಳೆಗೆ ಕೇಳಿಸಿದ್ದು ಸಾಕು.
ಕಾಕಿ ಪಿಸುಗುಟ್ಟಿದಳು: 'ಹುಚ್ಚೀ,
ಅಕ್ಕತಂಗಿಯರ ಬೈಗುಳ ಬೀಳದ ತಲೆಯನ್ನೇ
ಯಮ ಹುಡುಕಿಕೊಂಡು ಬರುವುದು.
ಬೈಸಿಕೊಂಡವನನ್ನು, ಇವನ ಕೆಲಸ ಆಗಲೇ ಮುಗಿದಿದೆ ಎಂದು
ದಾಟಿ ಹೋಗುತ್ತಾನೆ.'

ಮಧ್ಯಾಹ್ನ ಬಂದ. ಅಂಗಿಯೊಳಗೆ ಅರ್ಧ ಮನುಷ್ಯ.
ಹಣೆಗೆ ಕುಂಕುಮವಿಟ್ಟು
ಒಣ ಬಟಾಣಿ ಅಂಗೈಗೆ ಹಾಕಿದೆ:
ಅಗಿಯಬೇಡ, ಹಾಗೇ ನುಂಗು, ವಜ್ರವಾಗು.
ನೆಲದ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಒಂದು ಕಾಳು ಸಿಕ್ಕಿಕೊಂಡು ಕೆಮ್ಮಿದ, ಬೆನ್ನು ಗುದ್ದಿದೆ,
ಅಂಗಿಯ ಮೇಲಿಂದಲೇ ಎಲುಬು ಎಣಿಸಬಹುದಿತ್ತು.
ನೀರಿನ ಲೋಟ ಹಿಡಿದ ಅವನ ಹೆಬ್ಬೆಟ್ಟು ನೀಲಿ.
ಉಗುರಿನ ಬುಡದವರೆಗೂ ನೀಲಿ.
'ತೊಳೆದರೆ ಹೋಗೋದಿಲ್ಲ ಅಕ್ಕಾ' ಎಂದ.

ನಾಲ್ಕು ಗಂಟೆಯ ಜೀಪಿಗೆ ಸೀವಾನ್ ಸ್ಟೇಷನ್ನಿಗೆ ಹೊರಟ.

ಕತ್ತಲಾದ ಮೇಲೆ ಅಂಗಳಕ್ಕೆ ಹೋದೆ.
ಬೆಳಗ್ಗೆ ಕುಟ್ಟಿದ ಯಮ ಚದುರಿ ಬಿದ್ದಿದ್ದ,
ಕೋಳಿ ಕೆದಕಿ ಅರ್ಧ ಹಾಳು ಮಾಡಿತ್ತು.
ಕುಕ್ಕರಗಾಲಲ್ಲಿ ಕೂತು ಶುರುಮಾಡಿದೆ:
ಮುನೇಸರಾ,
ಜಾಮೂನು ಮರದಿಂದ ನನ್ನನ್ನು ತಳ್ಳಿದವನೇ,
ನನ್ನ ಮದುವೆಯಲ್ಲಿ ಗಾಡಿಯ ಹಿಂದೆ ಓಡಿ ಬಂದು
ಹೊಸ ಚಪ್ಪಲಿ ಕಳೆದುಕೊಂಡವನೇ,
ಅವ್ವ ಸತ್ತಾಗ ಮೂರು ದಿನ ತಡವಾಗಿ ಬಂದವನೇ,
ಮಸಿಡಬ್ಬಿ ತಂದವನೇ,
ಸಾಯಿ,
ನಿನ್ನ ಹೆಣ ಎತ್ತಲಿ, ಸಾಯಿ,
ಹಿತ್ತಿಲಿನ ನಾಯಿ ಬೊಗಳುವವರೆಗೂ.

ಆಮೇಲೆ ಮುಳ್ಳು.
ಈ ಸಲ ನಿಜಕ್ಕೂ ಚುಚ್ಚಿದೆ.
ಉಪ್ಪು, ಬಿಸಿ, ಗಲ್ಲದವರೆಗೂ ಇಳಿಯಿತು.

ರಾತ್ರಿ ಹನ್ನೊಂದಕ್ಕೆ ಫೋನು. ರೈಲಿನ ಸದ್ದು.
ಗೋರಖಪುರ ದಾಟಿತು, ಕೂರಲು ಜಾಗ ಸಿಕ್ಕಿತು ಎಂದ.
'ಯಾಕೆ ತೊದಲುತ್ತಿದ್ದೀಯ ಅಕ್ಕಾ?'
ಬಿಸಿ ಚಾ, ನಾಲಿಗೆ ಸುಟ್ಟಿತು ಎಂದೆ.
'ಆರಿಸಿ ಕುಡಿಯೋಕೆ ಏನು ಧಾಡಿ ನಿನಗೆ,
ಈ ವಯಸ್ಸಿಗೂ ಬುದ್ಧಿ ಬರಲಿಲ್ಲ' ಎಂದು
ಎಡೆಬಿಡದೆ ಬಯ್ದ, ಒಂದೇ ಉಸಿರಿನಲ್ಲಿ,
ಕೆಮ್ಮದೆ.

ಬಯ್ಯಲಿ.